ಅಗ್ಗದ ಮೈಕ್‌ನಲ್ಲಿ ಜನರೇಟರ್ ಶಬ್ದ ಅಳೆದರೆ ನಂಬಬಹುದಾ?

ಪ್ರಶ್ನೆ
ಜಯನಗರದಲ್ಲಿ ಮೂರನೇ ಮಹಡಿ. ಪಕ್ಕದ ಕಟ್ಟಡದ ಡೀಸೆಲ್ ಜನರೇಟರ್ ರಾತ್ರಿ ಹೊತ್ತು ಓಡುತ್ತೆ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಐಎನ್‌ಎಂಪಿ441 ಅನ್ನುವ ಅಗ್ಗದ ಡಿಜಿಟಲ್ ಮೈಕ್ ಜೋಡಿಸಿ ಬಾಲ್ಕನಿ ಗೋಡೆಗೆ ಅಂಟಿಸಿದ್ದೇನೆ. ಮೊಬೈಲ್ ಆಪ್ 52 ಡೆಸಿಬಲ್ ತೋರಿಸಿದರೆ ಇದು 49 ಅನ್ನುತ್ತೆ. ಯಾವುದು ಸರಿ? ಕಿಟಕಿಗೆ ದಪ್ಪ ಗಾಜು ಹಾಕಿಸಿದರೆ ಸಾಕಾ?

ಉತ್ತರ 1
ಆ 3 ಡೆಸಿಬಲ್ ಕೋಡ್‌ನಲ್ಲೇ ಕಳೆದುಹೋಗಿರಬಹುದು. ಮೈಕ್‌ನ ಡೇಟಾಶೀಟ್‌ನಲ್ಲಿ 94 ಡೆಸಿಬಲ್‌ಗೆ ಮೈನಸ್ 26 ಡಿಬಿಎಫ್‌ಎಸ್ (ಮೈಕ್ ಕೊಡಬಲ್ಲ ಗರಿಷ್ಠ ಅಂಕಿಗಿಂತ 26 ಡೆಸಿಬಲ್ ಕೆಳಗೆ) ಅಂತಿರುವುದು ಅಲೆಯ ತುದಿಯ ಲೆಕ್ಕ. ನೀವು ಆರ್‌ಎಂಎಸ್ (ಅಲೆಯ ಸರಾಸರಿ ಮಟ್ಟ, ತುದಿಗಿಂತ 3 ಡೆಸಿಬಲ್ ಕಮ್ಮಿ) ತೆಗೆದು 120 (94+26) ಕೂಡಿಸುತ್ತಿದ್ದರೆ ತಪ್ಪು, 123 ಕೂಡಿಸಬೇಕು.

ಸರಾಸರಿಯನ್ನೂ ನೋಡಿಕೊಳ್ಳಿ. ಅರ್ಧ ಗಂಟೆ 50, ಇನ್ನರ್ಧ ಗಂಟೆ 80 ಇದ್ದರೆ ಉತ್ತರ 65 ಅಲ್ಲ, 77. ಡೆಸಿಬಲ್ಲನ್ನು ಮೊದಲು ಶಕ್ತಿಗೆ ಬದಲಿಸಿ, ಸರಾಸರಿ ತೆಗೆದು, ಮತ್ತೆ ಡೆಸಿಬಲ್‌ಗೆ ತನ್ನಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಇವೆರಡೂ ಇಂಥ ಸರಾಸರಿಗಳೇ. ಮೈಕ್‌ನ ಸ್ವಂತ ಗದ್ದಲ ಸುಮಾರು 33, ಹಾಗಾಗಿ 45ರ ಹತ್ತಿರದ ಅಳತೆಗೆ ತೊಂದರೆಯಿಲ್ಲ. 40ರ ಕೆಳಗಿನದನ್ನು ನೆಚ್ಚಿಕೊಳ್ಳಬೇಡಿ.

ಗೋಡೆಗೆ ಅಂಟಿಸಿದ್ದನ್ನು ಮೊದಲು ಕಿತ್ತು ಕನಿಷ್ಠ 1 ಮೀಟರ್ ಆಚೆ ಇಡಿ. ಪ್ರತಿಫಲನದಿಂದಲೇ ಅಳತೆ ಹಿಗ್ಗುತ್ತೆ. ಮೈಕ್‌ನ ತೂತು ಬೋರ್ಡಿನ ಅಡಿಬದಿಯಲ್ಲಿರುತ್ತೆ. ಗ್ಲೂ ಗನ್ ಹಿಡಿಯುವಾಗ ಅದೊಂದು ಸೂಜಿಮೊನೆಯಷ್ಟು ಜಾಗ ಮುಚ್ಚಿತೆಂದರೆ ಮೈಕ್ ಕಿವುಡಾದಂತೆ. ತೂತು ಕೆಳಮುಖವಾಗಿರಲಿ, ಮೇಲೆ ಸ್ಪಾಂಜ್ ಟೋಪಿ ಇರಲಿ. ಇಲ್ಲದಿದ್ದರೆ ಮುಂಗಾರಿನ ಗಾಳಿಯೇ ಜನರೇಟರ್ ಆಗಿಬಿಡುತ್ತೆ.

ಪ್ರಶ್ನೆ ಕೇಳಿದವರು
120 ಕೂಡಿಸಿದ್ದೇ ತಪ್ಪಾಗಿತ್ತು, ಈಗ ಎರಡೂ 52. ಆದರೆ ಜನರೇಟರ್ ಶುರುವಾದಾಗ ಎದೆಗೆ ಬಡಿಯುವ ಗುಂಯ್ ಅನ್ನುವ ಸದ್ದು ಅಂಕಿಯಲ್ಲಿ ಕಾಣಲ್ಲ.

ಉತ್ತರ 2
ಎರಡೂ 52 ಆಗಿದ್ದಕ್ಕೆ ಸರಿಯಾಯಿತು ಅಂದುಕೊಳ್ಳಬೇಡಿ. ಕ್ಲಾಸ್ 2 ದರ್ಜೆಯ ಶಬ್ದಮಾಪಕ ಬಾಡಿಗೆಗೆ ತಂದು, ಎರಡೂ ಮೈಕ್ ಒತ್ತಟ್ಟಿಗಿಟ್ಟು 10 ನಿಮಿಷದ ಸರಾಸರಿ ಹೋಲಿಸಿ, ವ್ಯತ್ಯಾಸವನ್ನು ಕೋಡ್‌ಗೆ ಹಾಕಿ. ಕ್ಯಾಲಿಬ್ರೇಟರ್ (ಗೊತ್ತಿರುವ ಮಟ್ಟದ ಸದ್ದು ಹೊರಡಿಸುವ ಸಾಧನ) ಸಿಕ್ಕರೆ ಮೈಕನ್ನು 12.7 ಮಿ.ಮೀ. ಕೊಳವೆಯ ತುದಿಗೆ ಗಾಳಿ ಸೋರದಂತೆ ಕೂರಿಸಬೇಕು, ಸೋರಿದರೆ ಅಳತೆ ಕಮ್ಮಿ ಬರುತ್ತೆ.

ಗುಂಯ್ ಕಾಣದಿರುವುದಕ್ಕೆ ಕಾರಣ ಎ-ವೇಯ್ಟಿಂಗ್, ಅಂದರೆ ಕಿವಿಗೆ ಕೇಳುವಂತೆ ತಗ್ಗು ಸದ್ದನ್ನು ಕಮ್ಮಿ ಮಾಡಿ ಲೆಕ್ಕ ಹಾಕುವ ವಿಧಾನ. 1500 ಆರ್‌ಪಿಎಂನ ನಾಲ್ಕು ಸಿಲಿಂಡರ್ ಎಂಜಿನ್ ಮುಖ್ಯವಾಗಿ 50 ಹರ್ಟ್ಜ್‌ನಲ್ಲಿ ಬಡಿಯುತ್ತೆ. ಅಲ್ಲಿ ಎ-ವೇಯ್ಟಿಂಗ್ 30 ಡೆಸಿಬಲ್ ಕಳೆದುಬಿಡುತ್ತೆ, 75 ಇದ್ದದ್ದು 45 ಆಗಿ ತೋರುತ್ತೆ. ಮೇಲಾಗಿ ಈ ಮೈಕ್ ತಾನೇ 60 ಹರ್ಟ್ಜ್‌ನ ಕೆಳಗೆ ಕುಗ್ಗುತ್ತದೆ. ತಗ್ಗು ಸದ್ದನ್ನು ಅಷ್ಟಾಗಿ ಕಳೆಯದ ಸಿ-ವೇಯ್ಟಿಂಗನ್ನೂ ಲಾಗ್ ಮಾಡಿ. ಎರಡರ ನಡುವೆ 20ರಷ್ಟು ಅಂತರ ಬಂದರೆ ಕಾಟ ಕೊಡುತ್ತಿರುವುದು ತಗ್ಗು ಸದ್ದೇ.

ಉತ್ತರ 3
ಗಾಜಿಗೆ ದುಡ್ಡು ಸುರಿಯುವ ಮುಂಚೆ ಸಂದು ನೋಡಿ. ಕಿಟಕಿಯ ವಿಸ್ತೀರ್ಣದಲ್ಲಿ ಶೇ. 1ರಷ್ಟು ತೆರೆದಿದ್ದರೂ ಎಂಥ ಗಾಜಿದ್ದರೂ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲ್ಲ. ಸ್ಲೈಡಿಂಗ್ ಕಿಟಕಿಯ ಹಳಿ, ನಡುವೆ ಎರಡು ಬಾಗಿಲು ಸೇರುವ ಕಡೆ, ಎಸಿ ಪೈಪ್‌ನ ತೂತು, ಇವನ್ನು ಇಪಿಡಿಎಂ ರಬ್ಬರ್ ಪಟ್ಟಿ, ಸಿಲಿಕೋನ್‌ನಿಂದ ಮುಚ್ಚಿ. ತಗ್ಗು ಸದ್ದಿಗೆ ಇದೂ ಅಷ್ಟಕ್ಕಷ್ಟೇ. ಅದನ್ನು ಹುಟ್ಟುವಲ್ಲೇ ತಡೆಯಬೇಕು: ಸೈಲೆನ್ಸರ್, ಕೆಳಗಿನ ರಬ್ಬರ್ ಮೌಂಟ್, ಜನರೇಟರ್ ಮುಚ್ಚುವ ಪೆಟ್ಟಿಗೆ (ಎನ್‌ಕ್ಲೋಷರ್). 1000 ಕೆವಿಎ ಸಾಮರ್ಥ್ಯದವರೆಗಿನ ಜನರೇಟರ್‌ಗೆ ಎನ್‌ಕ್ಲೋಷರ್‌ನಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮಿತಿ ಇದೆ, ಪಕ್ಕದವರ ಬಳಿ ಅದನ್ನೇ ಕೇಳಿ.

ಕಿಟಕಿ ಕೆಲಸ ಫಲಿಸಿತಾ ಅಂತ ನೋಡಲು ಮೈಕ್ ಮತ್ತು ಬೋರ್ಡಿನ ಎರಡು ಸೆಟ್ ಬೇಕು, ಒಳಗೊಂದು ಹೊರಗೊಂದು. ಮೊದಲು ಎರಡನ್ನೂ ಒಂದೇ ಕಡೆ 10 ನಿಮಿಷ ಇಟ್ಟು, ಅವುಗಳ ನಡುವಿನ ವ್ಯತ್ಯಾಸ ಕಳೆದುಕೊಂಡು ಆಮೇಲೆ ಜಾಗಕ್ಕಿಡಿ.