‘ವುಡಿ ಆರೊಮ್ಯಾಟಿಕ್’ ಸೆಂಟು ಮಿತಭಾಷಿಗೆ ಒಪ್ಪತೈತೇನ್ರಿ? ಎರಡು ತಾಸಿಗೇ ಯಾಕ ಹಾರತೈತಿ?

ಚಿಗರಿ_ಸವಾರ (ಧಾರವಾಡ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಕಾಕಾಗ 50 ಎಂಎಲ್ ಸೆಂಟ್ ಕಾಣಿಕಿ ಕೊಟ್ಟೇವಿ. ಡಬ್ಬಿ ಮ್ಯಾಲ ‘ವುಡಿ ಆರೊಮ್ಯಾಟಿಕ್, ಓ ಡಿ ಟಾಯ್ಲೆಟ್’ ಅಂತ ಐತಿ, ಕೆಳಗ ‘ಆತ್ಮವಿಶ್ವಾಸದ ಮುಂದಾಳಿಗೆ’ ಅಂತ ಬರದಾರ. ಕಾಕಾ ನೋಡಿದ್ರ ದಿನಕ್ಕ ನಾಕು ಮಾತಾಡಿದ್ರ ಹೆಚ್ಚು. ಹೊಡಕೊಂಡ ಕೂಡ್ಲೆ ಶೇವಿಂಗ್ ಕ್ರೀಮಿನ ವಾಸನಿ, ಆಮ್ಯಾಲ ಪೆನ್ಸಿಲ್ ಕೆತ್ತಿದಂಗ, ಎರಡು ತಾಸಿಗೆ ಏನೂ ಇಲ್ಲ ಅಂತಾರ. ಆಫೀಸಿನ್ಯಾಗ ಒಬ್ರು ‘ತಲಿನೋವೇನ್ರಿ, ಮುಲಾಮು ಹಚ್ಚೀರೇನು’ ಅಂತ ಬ್ಯಾರೆ ಕೇಳ್ಯಾರ. ಮಾಲು ಖೊಟ್ಟಿ ಏನು? ಇಲ್ಲಾ ಅವರ ಮೈಗೆ, ಸ್ವಭಾವಕ್ಕ ಒಗ್ಗೂದಿಲ್ಲೇನು? ದಿನಾ ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿಗೆ ಹೋಗಿ ಬರ್ತಾರ.

ಬಟ್ಟಿ_ಭಟ್ಟಿ (ಧಾರವಾಡ)

ಇಷ್ಟಕ್ಕೇ ಖೊಟ್ಟಿ ಅನ್ನಲಾಗದು. ನೀವು ಬರೆದ ಮೂರೂ ವಾಸನೆ ಈ ಜಾತಿಯ ಸೆಂಟಿನಲ್ಲಿ ಇರಬೇಕಾದವೇ.

ಶೇವಿಂಗ್ ಕ್ರೀಮು ಅನಿಸುವುದು ಲ್ಯಾವೆಂಡರ್ ಮತ್ತು ಕೂಮರಿನ್ ಜೋಡಿಯಿಂದ. ಕೂಮರಿನ್ ಅಂದರೆ ಒಣಹುಲ್ಲಿನ ಬಣವೆಯ ಘಮ. 1882ರ ‘ಫೂಜೇರ್ ರೊಯಾಲ್’ ಸೆಂಟಿನಿಂದ ಈ ಜೋಡಿ ಹೆಸರಾಯಿತು, ಮುಂದೆ ಕ್ಷೌರದ ಸೋಪು-ಕ್ರೀಮುಗಳಿಗೂ ಇಳಿಯಿತು. ಮುಲಾಮಿನ ಗುಮಾನಿಗೆ ಕಾರಣ ರೋಸ್‌ಮರಿ, ಸೇಜ್‌ನಂಥ ಸೊಪ್ಪುಗಳು: ಅವುಗಳಲ್ಲಿ ಕರ್ಪೂರದ ಅಂಶವೂ ಇದೆ, ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕೂಡ ಇದೆ. ‘ಆರೊಮ್ಯಾಟಿಕ್’ ಅಂತ ಬರೆಯುವುದೇ ಈ ಸೊಪ್ಪುಗಳ ಸಲುವಾಗಿ. ‘ವುಡಿ’ ಅಂದರೆ ಮರದ ಘಮದ್ದು, ಹಾಗಾಗಿ ಪೆನ್ಸಿಲ್ ಅಂತೂ ನೇರ ಸಂಬಂಧ. ಪೆನ್ಸಿಲ್ಲಿಗೆ ಬಳಸುತ್ತಿದ್ದ ವರ್ಜೀನಿಯಾ ಸೀಡರ್ ಮರದ ಎಣ್ಣೆಯೇ ಸೆಂಟಿಗೂ ಬರುತ್ತದೆ. ಹೆಸರು ಸೀಡರ್ ಆದರೂ ಅದು ಜುನಿಪರ್ ಕುಲದ ಮರ, ಹಿಮಾಲಯದ ದೇವದಾರು ಬೇರೆ.

ಎರಡು ತಾಸಿನ ಮಾತಿಗೆ ಬಂದರೆ, ಓ ಡಿ ಟಾಯ್ಲೆಟ್‌ನಲ್ಲಿ ಘಮದ ಅಂಶ ಸಾಮಾನ್ಯವಾಗಿ ಶೇ. 5ರಿಂದ 15, ಓ ಡಿ ಪರ್ಫ್ಯೂಮ್‌ನಲ್ಲಿ ಶೇ. 15ರಿಂದ 20. ಅದರಲ್ಲೂ ಲ್ಯಾವೆಂಡರ್, ನಿಂಬೆ ಜಾತಿಯವು ಹಗುರ, ಬೇಗ ಹಾರುತ್ತವೆ. ಮರದ ಅಂಶಗಳು ಭಾರ, ಉಳಿಯುತ್ತವೆ, ಆದರೆ ಹಚ್ಚಿಕೊಂಡವರ ಮೂಗೇ ಅವಕ್ಕೆ ಮೊದಲು ಒಗ್ಗಿಹೋಗುತ್ತದೆ. ಹಾಗಾಗಿ ‘ಏನೂ ಇಲ್ಲ’ ಅನ್ನುವುದಕ್ಕೆ ಕಾಕಾ ಸಾಕ್ಷಿಯಲ್ಲ.

ಹೀಗೆ ನೋಡಿ. ಸ್ನಾನವಾದ ಮೇಲೆ 15 ಸೆಂಟಿಮೀಟರ್ ದೂರದಿಂದ ಮಣಿಕಟ್ಟಿಗೊಂದು ಸಲ, ಹತ್ತಿಯ ಕರವಸ್ತ್ರಕ್ಕೊಂದು ಸಲ ಹೊಡೆಯಿರಿ. ಕರವಸ್ತ್ರ ಬೇರೆ ಕೋಣೆಯಲ್ಲಿರಲಿ. 10 ನಿಮಿಷ, 1 ತಾಸು, 4 ತಾಸಿಗೆ ಮನೆಯ ಬೇರೊಬ್ಬರು ಎರಡನ್ನೂ ಮೂಸಲಿ. ಅವರಿಗೆ ಎರಡೂ ಬಂದರೆ ದೋಷ ಕಾಕಾನ ಮೂಗಿನದು. ಕರವಸ್ತ್ರದಲ್ಲಿದ್ದು ಕೈಯಲ್ಲಿಲ್ಲದಿದ್ದರೆ ಚರ್ಮ ಒಣಗಿದೆ; ಡಿಸೆಂಬರಿನ ನಂತರ ನಮ್ಮ ಕಡೆ ಇದೇ ಹೆಚ್ಚು. ನಾಲ್ಕು ತಾಸಿಗೆ ಎರಡೂ ಸತ್ತಿದ್ದರೆ ಮಾಲೇ ತೆಳು. ಒಣಚರ್ಮಕ್ಕೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ, ಜೋಳದ ಕಾಳಿನಷ್ಟು, ಸವರಿ ಅದರ ಮೇಲೆ ಹೊಡೆಯಿರಿ. ಕೊಬ್ಬರಿ ಎಣ್ಣೆ ಬೇಡ, ಅದರದೇ ಘಮ ಮೇಲೇಳುತ್ತದೆ.

ಮೂಗಿನ_ನೇರಕ್ಕ (ಗದಗ)

ಡಬ್ಬಿ ಮ್ಯಾಲಿನ ಮಾತು ಬಿಡ್ರಿ, ಅದು ವಾರಭವಿಷ್ಯ ಇದ್ದಂಗ, ಯಾರಿಗೆ ಓದಿದ್ರೂ ಹೊಂದತೈತಿ. ಸ್ವಭಾವ ಸೀಸೇದಾಗ ಇರೂದಿಲ್ಲ, ಮೂಸಾವರ ನೆನಪಿನ್ಯಾಗ ಇರತೈತಿ. ಶ್ರೀಗಂಧಾನ ತಗೋರಿ. ಪರದೇಶದ ಅಂಗಡ್ಯಾಗ ಅದಕ್ಕ ‘ಮಾದಕ’ ಅಂತ ಚೀಟಿ. ನಮ್ಮಲ್ಲಿ ಅದ ಘಮಕ್ಕ ದೇವರ ಮನಿ, ಗಂಧ ತೇಯೂ ಕೊರಡು, 1918ರಿಂದ ಬಂದ ಮೈಸೂರು ಸ್ಯಾಂಡಲ್ ಸೋಪು. ಲಾವಂಚ ಅಂದ್ರ ನೀರು ಹೊಡದ ಬ್ಯಾಸಗಿ ತಟ್ಟಿ. ಕಾಕಾ ಇವನ್ನ ಹಚ್ಚಿದ್ರ ಮಂದಿ ‘ಭಾಳ ಸಂಭಾವಿತ’ ಅಂತಾರ. ರೋಸ್‌ಮರಿ, ಸೇಜ್ ಜಾಸ್ತಿ ಇದ್ದದ್ದು ಹಚ್ಚಿದ್ರ ಮುಲಾಮು ಕೇಳತಾರ. ಮನಷ್ಯಾ ಅವನ!

ಹಂಗಂತ ಘಮಕ್ಕೂ ನಡತಿಗೂ ಸಂಬಂಧನ ಇಲ್ಲ ಅಂತಲ್ಲ, ಅದು ಉಲ್ಟಾ ಕಡಿಂದ ಐತಿ. 2009ರಾಗ ಲಿವರ್‌ಪೂಲಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದ್ರು. ಕೆಲವು ಗಂಡಸರಿಗೆ ಘಮದ ಸ್ಪ್ರೇ, ಉಳದವರಿಗೆ ಘಮ ಇಲ್ಲದ್ದು. ಆಮ್ಯಾಲ ದನಿ ತಗದು ಅವರ ವಿಡಿಯೊ ಹೆಣ್ಮಕ್ಕಳಿಗೆ ತೋರಿಸಿದ್ರು. ಘಮ ಹಚ್ಚಿದವರಿಗೆ ಹೆಚ್ಚು ಅಂಕ ಬಿತ್ತು. ನೋಡಿದವರ ಮೂಗಿಗೆ ಘಮ ಮುಟ್ಟೇ ಇಲ್ಲ! ಫೋಟೊ ತೋರಿಸಿದಾಗ ಆ ಫರಕ ಇರಲಿಲ್ಲ. ಅಂದ್ರ ಬದಲಾದದ್ದು ಮಾರಿ ಅಲ್ಲ, ಕುಂದರೂ ನಿಂದರೂ ಧಾಟಿ.

ಇನ್ನೊಂದು, 2012ರಾಗ ಪ್ರಾಗ್‌ನಿಂದ ಬಂದದ್ದು: ತಾವ ಆರಿಸಿಕೊಂಡ ಸೆಂಟು ತಮ್ಮ ಮೈವಾಸನಿ ಕೂಡ ಬೆರತಾಗ, ಮಂದಿ ಕೊಟ್ಟ ಸೆಂಟಿಗಿಂತ ಛಲೋ ಅನಿಸ್ತು ಅಂತ. ಹಂಗಾಗಿ ಮುಂದಿನ ಸಲ ಕಾಕಾನ್ನ ಅಂಗಡಿಗೆ ಕರಕೊಂಡು ಹೋಗ್ರಿ. ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಮೂಸಬಾರದು. ನಡುವ ಕಾಫಿ ಬೀಜ ಮೂಸಸ್ತಾರ, ಅದು ಬರೇ ತೋರಿಕಿ, ಹೊರಗ ಬಂದು ಗಾಳಿ ತಗೊಂಡ್ರ ಸಾಕು. ಮಾತಿಗಿಂತ ಮದಲ ಘಮ ಹೋಗಿ ಖುರ್ಚಿ ಹಿಡಿಯೂದು ಬ್ಯಾಡ ಅನ್ನವರಿಗೆ ಲಾವಂಚ, ಶ್ರೀಗಂಧ ಹೆಚ್ಚಿದ್ದು ಛಲೋ, ಮೈ ಹತ್ರನ ಉಳೀತಾವ.

ತೊಲ_ಮಾಸ (ಹುಬ್ಬಳ್ಳಿ)

ಶ್ರೀಗಂಧ ಅಂತ ಕೇಳಿ ಅತ್ತರಿನ ಅಂಗಡಿಗೆ ಓಡುವ ಮೊದಲು ಒಂದು ಮಾತು. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನ ಹಳೇ ಪದ್ಧತಿಯಲ್ಲಿ ತಾಮ್ರದ ಭಟ್ಟಿ ಪಾತ್ರೆ, ಅಂದರೆ ಡೇಗ್‌ನಿಂದ ಬರುವ ಹಬೆಯನ್ನು ಭಪ್ಕಾ ಎಂಬ ಹಬೆ ಹಿಡಿಯುವ ಪಾತ್ರೆಯೊಳಗಿನ ಶ್ರೀಗಂಧದ ಎಣ್ಣೆಗೆ ಹಿಡಿಸುತ್ತಾರೆ. ಅಗ್ಗದ ಸೀಸೆಗಳಲ್ಲಿ ಆ ಎಣ್ಣೆಯ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಇಲ್ಲವೇ ಡೈಈಥೈಲ್ ಥ್ಯಾಲೇಟ್ ಎಂಬ ರಾಸಾಯನಿಕ ದ್ರಾವಕ ಬಂದಿದೆ.

‘ಕಾಗದದ ಮೇಲೆ ಹನಿ ಬಿಡಿ, ಕಲೆ ಉಳಿದರೆ ಖೊಟ್ಟಿ’ ಅನ್ನುವ ಪರೀಕ್ಷೆ ನಂಬಬೇಡಿ. ಅಸಲಿ ಗಂಧದೆಣ್ಣೆಯೂ ದಿನಗಟ್ಟಲೆ ಕಲೆ ಬಿಡುತ್ತದೆ. ಶುದ್ಧ ಗಂಧದೆಣ್ಣೆ ಒಂದು ಪಾಲಿಗೆ ಶೇ. 70ರ ಆಲ್ಕೋಹಾಲ್ ಐದು ಪಾಲು ಹಾಕಿದರೆ ತಿಳಿಯಾಗಿ ಕರಗಬೇಕು. ಪ್ಯಾರಾಫಿನ್ ಇದ್ದರೆ ಬೆಳ್ಳಗೆ ಕದಡಿ ಬೇರೆಯಾಗುತ್ತದೆ. ಆದರೆ ಥ್ಯಾಲೇಟ್ ಆಲ್ಕೋಹಾಲಿನಲ್ಲಿ ಕರಗುತ್ತದೆ, ಅದಕ್ಕೆ ಅಂಶಗಳನ್ನು ಬಿಡಿಸಿ ತೋರಿಸುವ ಪ್ರಯೋಗಾಲಯದ ಪರೀಕ್ಷೆ, ಗ್ಯಾಸ್ ಕ್ರೊಮಟೋಗ್ರಫಿಯೇ ಬೇಕು. ಅಂಗಡಿಯಲ್ಲಿ ಮೂಗಿಗೆ ಸಿಗುವ ಗುರುತು ಇಷ್ಟೇ: ಅಸಲಿ ಗಂಧ ತೆರೆದ ಕೂಡಲೇ ಮೂಗಿಗೆ ಬಡಿಯುವುದಿಲ್ಲ, ಹಾಲಿನಂತೆ ಮೆತ್ತಗೆ ತಡವಾಗಿ ಏಳುತ್ತದೆ. ಬಾಗಿಲಲ್ಲೇ ‘ಗಮ್’ ಅಂದರೆ ಅನುಮಾನ ಪಡಿ.

ಚಿಗರಿ_ಸವಾರ

ಕರವಸ್ತ್ರದ ಪರೀಕ್ಷಾ ಮಾಡಿದ್ವಿ. ಕಾಕೂಗ ನಾಕು ತಾಸಿಗೂ ಎರಡೂ ಕಡೆ ಬಂತು, ಕಾಕಾಗ ಬರಲಿಲ್ಲ! ಇನ್ನ ಲಾವಂಚ ಹೆಚ್ಚಿದ್ದು ಮನ್ಯಾಗ ಕೂಡಸಬಹುದೇನ್ರಿ?

ಏಲಕ್ಕಿ_ಮಾಲಿ (ಹಾವೇರಿ)

ಕೂಡಿಸಬಹುದು. ಹನಿ ಎಣಿಸಬೇಡಿ, 0.01 ಗ್ರಾಂ ತೋರಿಸುವ ತಕ್ಕಡಿ ತನ್ನಿ; ಲಾವಂಚದ ಎಣ್ಣೆ ಮಂದ, ಅದರ ಹನಿ ಲ್ಯಾವೆಂಡರಿನ ಹನಿಯಷ್ಟೇ ತೂಗುವುದಿಲ್ಲ.

10 ಗ್ರಾಂ ಮಾಲಿಗೆ ಸೀಡರ್ 0.40, ಲಾವಂಚ 0.30, ಬರ್ಗಮೋಟ್ (ನಿಂಬೆ ಜಾತಿಯ ಹಣ್ಣು) 0.25, ಲ್ಯಾವೆಂಡರ್ 0.15, ಪಚೋಲಿ (ಘಮದ ಎಲೆ) 0.05, ಏಲಕ್ಕಿ 0.05 ಗ್ರಾಂ. ಒಟ್ಟು 1.20. ಉಳಿದ 8.80 ಗ್ರಾಂ ಸುಗಂಧಕ್ಕೆಂದೇ ಮಾರುವ ಆಲ್ಕೋಹಾಲ್. ಏಲಕ್ಕಿ 0.05 ಅಂದರೆ 0.05, ನಮ್ಮೂರ ಮಾಲೆಯ ಅಭಿಮಾನಕ್ಕೆ ಜಾಸ್ತಿ ಸುರಿದರೆ ಸೆಂಟು ಹೋಗಿ ಪಾಯಸ ಆಗುತ್ತದೆ. ಬರ್ಗಮೋಟ್ ಎಣ್ಣೆ ಬರ್ಗಾಪ್ಟಿನ್ ಎಂಬ ಅಂಶ ತೆಗೆದದ್ದೇ ಇರಲಿ, ಇಲ್ಲದಿದ್ದರೆ ಬಿಸಿಲಿಗೆ ಚರ್ಮ ಸುಟ್ಟು ಕಪ್ಪಾಗುತ್ತದೆ.

ಕೆಡುವುದು ಹೆಚ್ಚಾಗಿ ಸ್ಪಿರಿಟ್ಟಿನಲ್ಲಿ. ಸ್ಯಾನಿಟೈಸರಿನ ಗ್ಲಿಸರಿನ್ ಅಂಟಂಟಾಗುತ್ತದೆ. ಪೇಂಟಿನ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು, ಅದು ವಿಷ, ಮುಟ್ಟಲೇಬೇಡಿ. ನೀರು ಸೇರಿದರೆ ಕದಡುತ್ತದೆ. ಒಲೆ, ದೇವರ ದೀಪದಿಂದ ದೂರ ಕೂತು ಮಾಡಿ. ಕಂದು ಬಣ್ಣದ ಗಾಜಿನ ಸೀಸೆಯಲ್ಲಿ ಕತ್ತಲಿಗೆ ಮೂರು ವಾರ ಇಡಿ. ಮೊದಲ ದಿನ ಲಾವಂಚ ಹಸಿಮಣ್ಣಿನಂತೆ ಒರಟಾಗಿರುತ್ತದೆ, ಗಾಬರಿಯಾಗಿ ಏನೂ ಸೇರಿಸಬೇಡಿ. ಹಚ್ಚುವ ಮೊದಲು ಮೊಣಕೈ ಒಳಮಗ್ಗುಲಿಗೆ ಚೂರು ಸವರಿ 24 ತಾಸು ನೋಡಿ. ಬಿಳಿ ಅಂಗಿ, ರೇಷ್ಮೆಗೆ ಹೊಡೆಯಬೇಡಿ, ಪಚೋಲಿ ಕಲೆ ಬಿಡುತ್ತದೆ.

ಬಟ್ಟಿ_ಭಟ್ಟಿ

ಕಾಕೂಗೆ ಬಂತು ಅಂದಮೇಲೆ ಹಳೇ ಸೀಸೆ ಚೆನ್ನಾಗೇ ಇದೆ, ಎಸೆಯಬೇಡಿ. ಕಾಕಾ ತನಗೆ ಬರಲಿಲ್ಲ ಅಂತ ಮಧ್ಯಾಹ್ನ ಮತ್ತೆ ಹೊಡೆದುಕೊಳ್ಳುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಚಿಗರಿ ಎ.ಸಿ. ಬಸ್ಸು, ಕಿಟಕಿ ತೆರೆಯುವುದಿಲ್ಲ. ಹತ್ತುವ ಅರ್ಧ ತಾಸು ಮೊದಲು, ಅಂಗಿಯೊಳಗೆ ಎದೆಗೆ ಎರಡು ಸಲ, ಅಷ್ಟೇ. ಬೇಸಿಗೆಯಲ್ಲಿ ಒಂದೇ.