ಹೆಚಿನ್ಸ್ ಮಾದರಿಯ ಬಳುಕು ಸ್ಟೇ: ಹಿಂದಿನ ಚಕ್ರ ಬ್ರೇಕಿನ ಹತ್ತಿರ ಬಲಕ್ಕೆ ವಾಲುತ್ತಿದೆ

ಹುಬ್ಬಳ್ಳಿ ಗಾಲಿ

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ತಯಾರಾಗುತ್ತಿದ್ದ ಹೆಚಿನ್ಸ್ ಸೈಕಲ್ಲನ್ನು ಹೋಲುವ ಫ್ರೇಮ್ ಒಂದನ್ನು ಕಟ್ಟುತ್ತಿದ್ದೇನೆ. ಹಿಂದಿನ ಚಕ್ರವನ್ನು ಹಿಡಿಯುವ ಕೊಳವೆಗಳು, ಅಂದರೆ ಸ್ಟೇಗಳು, ನೇರವಾಗಿರದೆ ಹಾವಿನಂತೆ ಬಳುಕಿರುವ 1930ರ ದಶಕದ ಆ ವಿನ್ಯಾಸ ಬಹಳ ದಿನಗಳಿಂದ ಕಣ್ಣಿನಲ್ಲಿ ಕುಳಿತಿತ್ತು. ಮೂಲ ಸೈಕಲ್ಲನ್ನು ಕಣ್ಣಾರೆ ಕಂಡಿಲ್ಲ, ಚಿತ್ರಗಳೇ ಗತಿ. ಸೀಟ್ ಸ್ಟೇಗೆ (ಸೀಟಿನ ಕೆಳಗಿನಿಂದ ಹಿಂದಿನ ಚಕ್ರಕ್ಕೆ ಇಳಿಯುವ ಸ್ಟೇ) 14 ಮಿ.ಮೀ. ಕೊಳವೆ, 0.9 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್. ಹಿತ್ತಾಳೆ ಬೆಸುಗೆ. ಹಿಂದಿನ ಹಬ್ಬಿನ ಅಗಲ 120 ಮಿ.ಮೀ., ರಿಮ್ 700ಸಿ.

ಈಗ ಸಮಸ್ಯೆ. ಬೆಸುಗೆ ಮುಗಿಸಿ ಚಕ್ರ ಹಾಕಿದರೆ ಚೈನ್ ಸ್ಟೇಗಳ (ಪೆಡಲಿನ ಬುಡದಿಂದ ಹಿಂದಿನ ಚಕ್ರಕ್ಕೆ ಹೋಗುವ ಸ್ಟೇಗಳು) ನಡುವೆ ರಿಮ್ ಸರಿಯಾಗಿ ಮಧ್ಯಕ್ಕೇ ಇದೆ. ಮೇಲೆ ಬ್ರೇಕ್ ಬ್ರಿಡ್ಜಿನ (ಬ್ರೇಕ್ ಕೂರಿಸಲು ಸೀಟ್ ಸ್ಟೇಗಳ ನಡುವೆ ಹಾಕುವ ಅಡ್ಡಕೊಳವೆ) ಹತ್ತಿರ ಮಾತ್ರ ಎಡಕ್ಕೆ 25 ಮಿ.ಮೀ., ಬಲಕ್ಕೆ 9 ಮಿ.ಮೀ. ಸಂದು. ಎಡ ಸ್ಟೇಯ ತುದಿಯ ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತುಗಳೂ ಬಿದ್ದಿವೆ. ಎಷ್ಟು ಸಲ ಹಿತ್ತಾಳೆ ತುಂಬಿದರೂ ಗುಳ್ಳೆ ಎದ್ದು ಮತ್ತೆ ತೂತು. ಎಲ್ಲಿ ತಪ್ಪಿದ್ದೇನೆ?

ಮೈಸೂರು ಬೆಲ್

ಮೊದಲು ಚಕ್ರವನ್ನೇ ಅನುಮಾನಿಸಿ. ಚಕ್ರ ಬಿಚ್ಚಿ ಎಡ ಬಲ ತಿರುಗಿಸಿ ಹಾಕಿ ನೋಡಿ. ವಾಲು ಎಡಕ್ಕೆ ಹೋದರೆ ದೋಷ ಕಡ್ಡಿ ಬಿಗಿದವರದು, ಬಲಕ್ಕೇ ಉಳಿದರೆ ಫ್ರೇಮಿನದು. ಫ್ರೇಮಿನದಾದರೆ ಅಷ್ಟೇನೂ ಕಷ್ಟವಿಲ್ಲ. ಸ್ಟೇಗಳ ನಡುವೆ ಉದ್ದನೆಯ ಮರದ ರೀಪು ತೂರಿಸಿ ಎಡಕ್ಕೆ ಮೀಟಿ, ಮೆಲ್ಲಗೆ ಬಗ್ಗುತ್ತದೆ. ನನ್ನ ಹಳೆಯ ರೋಡ್‌ಸ್ಟರ್‌ಗೆ ಹೀಗೇ ಮಾಡಿದ್ದೇನೆ.

ಹುಬ್ಬಳ್ಳಿ ಗಾಲಿ

ತಿರುಗಿಸಿ ಹಾಕಿದೆ. ಬಲಕ್ಕೇ ಇದೆ, ಅಷ್ಟೇ ಇದೆ. ರೀಪು ಹುಡುಕುತ್ತಿದ್ದೇನೆ.

ಟೂಲ್‌ರೂಮ್ ಅಜ್ಜ

ತಮ್ಮಾ, ರೀಪು ಕೆಳಗಿಡು.

ಮೈಸೂರಿನವರು ಹೇಳಿದ ಮೊದಲ ಪರೀಕ್ಷೆ ಚಿನ್ನದಂಥದ್ದು. ಎರಡನೆಯ ಸಲಹೆ ಈ ರೋಗಕ್ಕೆ ಮದ್ದಲ್ಲ. ಹಿಂಭಾಗವೆಲ್ಲ ಒಂದು ಬದಿಗೆ ಸರಿದಿದ್ದರೆ ಚೈನ್ ಸ್ಟೇ ಹತ್ತಿರವೂ ರಿಮ್ ಸರಿದಿರುತ್ತಿತ್ತು. ನಿನ್ನದು ಅಲ್ಲಿ ಮಧ್ಯಕ್ಕಿದೆ, ಮೇಲೆ ಮಾತ್ರ ವಾಲಿದೆ. ಅಂದರೆ ಚಕ್ರದ ಅಚ್ಚು ಓರೆಯಾಗಿದೆ: ಎಡ ಡ್ರಾಪೌಟ್ (ಅಚ್ಚಿನ ತುದಿ ಕೂರುವ ಸೀಳಿರುವ ಪಟ್ಟಿ) ಮೇಲಕ್ಕೆದ್ದು ಕುಳಿತಿದೆ, ಎಡ ಸೀಟ್ ಸ್ಟೇ ಗಿಡ್ಡವಾಗಿದೆ. ಮೀಟಿದರೆ ಕೊಳವೆ ಬಗ್ಗುತ್ತದೆಯೇ ಹೊರತು ಉದ್ದವಾಗುವುದಿಲ್ಲ.

ಎಷ್ಟು ಗಿಡ್ಡ? ಎರಡು ಸಂದುಗಳ ವ್ಯತ್ಯಾಸ 16, ಅದರ ಅರ್ಧ 8. ರಿಮ್ ಅಷ್ಟು ಸರಿದಿದೆ. 700ಸಿ ರಿಮ್ಮಿನ ಅರ್ಧ ವ್ಯಾಸ 311. 8ನ್ನು ಹಬ್ಬಿನ ಅಗಲ 120ರಿಂದ ಗುಣಿಸಿ 311ರಿಂದ ಭಾಗಿಸು. ಹೆಚ್ಚುಕಡಿಮೆ 3 ಮಿ.ಮೀ. ಬರುತ್ತದೆ.

ಈಗ ನೀನು ನಿಜ ಹೇಳಬೇಕು. ಎರಡು ಸ್ಟೇಗಳನ್ನೂ ಒಂದೇ ರೀತಿ ಬಗ್ಗಿಸಿದೆಯಾ? ಜಿಗ್‌ನಲ್ಲಿ (ಬೆಸೆಯುವಾಗ ಫ್ರೇಮನ್ನು ಅಲುಗದಂತೆ ಹಿಡಿಯುವ ಚೌಕಟ್ಟು) ಕೂರಿಸುವಾಗ ಎಡದ್ದು ತಾನಾಗಿ ಕುಳಿತಿತೇ, ಎಳೆದು ಕೂರಿಸಿದೆಯಾ?

ಹುಬ್ಬಳ್ಳಿ ಗಾಲಿ

ಅಜ್ಜಾ, ಸಿಕ್ಕಿಬಿದ್ದೆ. ಎರಡೂ ಕೊಳವೆಗಳನ್ನು ಮೊದಲೇ ಒಂದೇ ಅಳತೆಗೆ ಕತ್ತರಿಸಿಟ್ಟುಕೊಂಡಿದ್ದೆ. ಬಲದ್ದನ್ನು ಮರಳು ತುಂಬಿ ತಣ್ಣಗೆ ಬಗ್ಗಿಸಿದೆ, ಚೆನ್ನಾಗಿ ಬಂತು. ಎಡದ್ದು ಬಳುಕಿನ ಜಾಗದಲ್ಲಿ ಮುದುಡಿತು. ಬೇರೆ ಕೊಳವೆ ತೆಗೆದುಕೊಂಡು, ಈ ಸಲ ಟಾರ್ಚಿನಿಂದ ಕೆಂಪಗೆ ಕಾಯಿಸಿ ಬಗ್ಗಿಸಿದೆ. ಅದರ ಬಳುಕು ಸ್ವಲ್ಪ ಆಳವಾಯಿತು. ನೇರ ಗೆರೆಯಿಂದ ಅಳೆದರೆ ಬಲದ್ದು 12 ಮಿ.ಮೀ. ಆಚೀಚೆ, ಎಡದ್ದು 15. ಕಣ್ಣಿಗೆ ಅಷ್ಟು ತಿಳಿಯುವುದಿಲ್ಲವೆಂದು ಬಿಟ್ಟೆ. ಜಿಗ್‌ನಲ್ಲಿ ಡ್ರಾಪೌಟ್ ಮುಟ್ಟಲಿಲ್ಲ, ಕ್ಲಾಂಪ್ ಹಾಕಿ ಎಳೆದೆ. ಬಳುಕು 250 ಮಿ.ಮೀ. ಉದ್ದದಲ್ಲಿ ಒಂದು ಪೂರ್ತಿ ಅಲೆ.

ಟೂಲ್‌ರೂಮ್ ಅಜ್ಜ

ಹಾಗಾದರೆ ಲೆಕ್ಕ ತಾಳೆಯಾಯಿತು. ಅಲೆ ಎಷ್ಟು ಆಳವೋ ಅಷ್ಟು ಕೊಳವೆಯನ್ನು ತಿನ್ನುತ್ತದೆ. 250 ಮಿ.ಮೀ.ನಲ್ಲಿ 12 ಆಚೀಚೆ ಹೋಗುವ ಅಲೆ ಸುಮಾರು 6 ಮಿ.ಮೀ. ಕೊಳವೆ ನುಂಗುತ್ತದೆ, 15ರ ಅಲೆ ಸುಮಾರು 9. ವ್ಯತ್ಯಾಸ 3. ನಿನ್ನ ಚಕ್ರ ಹೇಳುತ್ತಿರುವುದೂ ಅದನ್ನೇ. ಕ್ಲಾಂಪ್ ಬಿಚ್ಚಿದ ಕೂಡಲೇ ಎಳೆತ ತನ್ನ ಜಾಗಕ್ಕೆ ಮರಳಿತು.

ಮೊದಲು ಬಗ್ಗಿಸು, ಆಮೇಲೆ ಕತ್ತರಿಸು. ಬಳುಕು ಸ್ಟೇಗೆ ಇದಕ್ಕಿಂತ ದೊಡ್ಡ ಗುಟ್ಟಿಲ್ಲ.

ಅರ್ಧ ಮಿ.ಮೀ. ದೋಷವಾಗಿದ್ದರೆ ಬಲ ಡ್ರಾಪೌಟಿನ ಸೀಳಿನ ಮೇಲಂಚನ್ನು ಅರದಿಂದ ಉಜ್ಜಿ ಅಚ್ಚನ್ನು ಮಟ್ಟ ಮಾಡಬಹುದಿತ್ತು. 3 ಮಿ.ಮೀ.ಗೆ ಆ ಕಳ್ಳದಾರಿ ಬೇಡ. ಎರಡೂ ಸೀಟ್ ಸ್ಟೇಗಳನ್ನು ಗರಗಸದಿಂದ ಕತ್ತರಿಸಿ ತೆಗೆ, ಉಳಿದ ಮೋಟುಗಳನ್ನು ಕಾಯಿಸಿ ಬಿಡಿಸು. ಬಲದ್ದು ಚೆನ್ನಾಗಿದೆ ಎಂದು ಉಳಿಸಿಕೊಳ್ಳಬೇಡ. ಜೋಡಿ ಎಂದರೆ ಒಂದೇ ಕೊಳವೆಯಿಂದ, ಒಂದೇ ದಿನ, ಬಗ್ಗಿಸುವ ಒಂದೇ ಅಚ್ಚಿನಲ್ಲಿ ಹುಟ್ಟಬೇಕು.

ಮುದುಡಿದ್ದೇಕೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೊಳವೆಯ ಒಳಗೆ ಬೆರಳಾಡಿಸು, ಉದ್ದಕ್ಕೂ ಹೊಲಿಗೆಯಂಥ ಗೀರು ಸಿಗುತ್ತದೆ. ಆ ಗೀರು ಬಳುಕಿನ ಒಳಮೈಗೂ ಬರಬಾರದು, ಹೊರಮೈಗೂ ಬರಬಾರದು, ಪಕ್ಕಕ್ಕೆ ಇರಬೇಕು. ಪಕ್ಕದಲ್ಲಿ ಲೋಹ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮರಳನ್ನು ಜರಡಿ ಹಿಡಿದು ಬಾಣಲೆಯಲ್ಲಿ ಹುರಿ. ತುಂಬುವಾಗ ಕೊಳವೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗು. ಸದ್ದು ಟಣಟಣ ಇರುವವರೆಗೂ ಒಳಗೆ ಜಾಗವಿದೆ. ಸದ್ದು ಮಂದವಾಗಿ, ಕಲ್ಲಿಗೆ ತಟ್ಟಿದಂತಾದಾಗ ಮರದ ಬೆಣೆ ಹೊಡೆ. ಅಚ್ಚಿನ ಕಾಲುವೆ ಕೊಳವೆಯ ಅರ್ಧ ವ್ಯಾಸದಷ್ಟು ಆಳವಿರಲಿ, ಇಲ್ಲವಾದರೆ ಕೊಳವೆ ಚಪ್ಪಟೆಯಾಗುತ್ತದೆ. ತಣ್ಣಗೆ ಬಗ್ಗಿಸಿದ್ದು ಸ್ವಲ್ಪ ಹಿಂದಕ್ಕೆ ಚಿಮ್ಮುವುದರಿಂದ ಅಚ್ಚಿನ ಬಾಗು ಬೇಕಾದದ್ದಕ್ಕಿಂತ ತುಸು ಹೆಚ್ಚಿರಲಿ. ಎರಡೂ ತುದಿ ಮುಚ್ಚಿ ಹಸಿ ಮರಳಿರುವ ಕೊಳವೆಯನ್ನು ಕಾಯಿಸಿದರೆ ಒಳಗಿನ ಹಬೆ ಬೆಣೆಯನ್ನು ಗುಂಡಿನಂತೆ ಹಾರಿಸುತ್ತದೆ. ನಿನ್ನ ಅದೃಷ್ಟ ದೊಡ್ಡದು.

ಸೂಜಿತೂತಿನ ಕಾರಣವೂ ಅದೇ ಜಾತಿಯದು. ಸ್ಟೇಗೆ ಉಸಿರಾಡಲು ತೂತು ಕೊರೆದಿಲ್ಲ, ಅಲ್ಲವೇ? ಒಳಗಿನ ಗಾಳಿ ಕಾದು ಹಿಗ್ಗಿ ಕರಗಿದ ಹಿತ್ತಾಳೆಯನ್ನೇ ಸೀಳಿಕೊಂಡು ಬರುತ್ತದೆ. ಒಳಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ 2 ಮಿ.ಮೀ. ತೂತು ಮೊದಲೇ ಕೊರೆದುಕೋ.

ಲೆಸ್ಟರ್ ಸವಾರಿ

ಅಜ್ಜನ ಮಾತಿಗೆ ಸೇರಿಸಲು ನನ್ನ ಹತ್ತಿರ ಬೆಸುಗೆಯ ವಿದ್ಯೆ ಇಲ್ಲ, ಹಳೆಯ ಸೈಕಲ್ಲಿನ ಹುಚ್ಚು ಮಾತ್ರ ಇದೆ. ಹೈಮನ್ ಹೆಚಿನ್ ರಷ್ಯಾದಿಂದ ಬಂದವರು, ಸಂಗೀತದ ಅಂಗಡಿಯ ಜೊತೆಗೆ ಸೈಕಲ್ ಮಾರಲು ತೊಡಗಿದವರು. ಫ್ರೇಮ್ ಕಟ್ಟುತ್ತಿದ್ದ ಕೈ ಜ್ಯಾಕ್ ಡೆನ್ನಿಯವರದು. ಬಳುಕು ಸ್ಟೇ ರಸ್ತೆಯ ನಡುಕವನ್ನು ಹೀರುತ್ತದೆ ಎಂಬುದು ಹೆಚಿನ್ಸ್ ಕಂಪನಿಯ ವಾದ. ನನಗೆ ನಂಬಿಕೆಯಿಲ್ಲ. ಆಗ ಹವ್ಯಾಸಿ ಸ್ಪರ್ಧಿಗಳ ಚಿತ್ರಗಳಲ್ಲಿ ತಯಾರಕರ ಹೆಸರು ಕಾಣುವಂತಿರಲಿಲ್ಲ ಎನ್ನುತ್ತಾರೆ. ಹೆಸರು ಅಳಿಸಿದರೂ ಬಳುಕನ್ನು ಅಳಿಸಲಾಗದು! ಬೇನ್ಸ್ ಕಂಪನಿಯ ‘ಫ್ಲೈಯಿಂಗ್ ಗೇಟ್’ ಫ್ರೇಮಿನ ವಿಚಿತ್ರ ಆಕಾರಕ್ಕೂ ಇದೇ ಕಥೆ ಹೇಳುವವರಿದ್ದಾರೆ.

ಒಂದು ಕೋರಿಕೆ. ಹೆಚಿನ್ಸ್ ಹೆಸರಿನ ಸ್ಟಿಕ್ಕರ್ ಅಂಟಿಸಬೇಡಿ. ಬಿಬಿ ಶೆಲ್ಲಿನ (ಪೆಡಲಿನ ಅಚ್ಚು ಕೂರುವ ಕೊಳವೆ) ಕೆಳಗೆ ನಿಮ್ಮದೇ ಗುರುತು, ವರ್ಷ ಹೊಡೆಯಿರಿ. ಇಪ್ಪತ್ತು ವರ್ಷಗಳ ನಂತರ ಯಾರೋ ಇದನ್ನು ಅಸಲಿ ಎಂದು ದುಡ್ಡು ಕೊಟ್ಟು ಕೊಳ್ಳುವಂತಾಗಬಾರದು.

ಹುಬ್ಬಳ್ಳಿ ಗಾಲಿ

ಒಪ್ಪಿದೆ ಅಕ್ಕಾ. ‘ಹುಬ್ಬಳ್ಳಿ 1’ ಎಂದು ಹೊಡೆಯುತ್ತೇನೆ.

ಹುಬ್ಬಳ್ಳಿ ಗಾಲಿ (ಮೂರು ವಾರಗಳ ನಂತರ)

ಹೊಸ ಜೋಡಿ ಕುಳಿತಿತು. ಕೊಳವೆಯೊಳಗಿನ ಗೀರು ಪಕ್ಕಕ್ಕಿತ್ತು, ಎರಡನ್ನೂ ತಣ್ಣಗೆ ಬಗ್ಗಿಸಿದೆ. ಒಂದರ ಮೇಲೊಂದು ಇಟ್ಟರೆ ಬೆಳಕು ತೂರುವುದಿಲ್ಲ. ಜಿಗ್‌ನಲ್ಲಿ ಕ್ಲಾಂಪ್ ಬೇಕಾಗಲಿಲ್ಲ, ಬೆರಳಿನಿಂದ ಒತ್ತಿದರೆ ಸಾಕಾಯಿತು. ಬ್ರೇಕ್ ಬ್ರಿಡ್ಜಿನ ಹತ್ತಿರ ಈಗ ಎಡಕ್ಕೆ 17.5, ಬಲಕ್ಕೆ 16.5. ಸೂಜಿತೂತು ಒಂದೂ ಇಲ್ಲ. ಆದರೆ ಫ್ರೇಮ್ ಅಲ್ಲಾಡಿಸಿದರೆ ಎಡ ಸ್ಟೇಯೊಳಗೆ ಜಲಜಲ ಎನ್ನುತ್ತಿದೆ.

ಟೂಲ್‌ರೂಮ್ ಅಜ್ಜ

ಆ ಅರ್ಧ ಮಿ.ಮೀ. ವಾಲನ್ನು ಮರೆತುಬಿಡು, ಅರ ಮುಟ್ಟಬೇಡ. ಜಲಜಲ ಎನ್ನುವುದು ನೀನು ಪೂರ್ತಿ ಸುರಿಯದೆ ಬಿಟ್ಟ ಮರಳು. ಉಸಿರುತೂತನ್ನು ಕೆಳಗೆ ಮಾಡಿ ತಟ್ಟುತ್ತಾ ಕೂರು, ಕಾಳು ಕಾಳಾಗಿ ಉದುರುತ್ತದೆ. ಬಣ್ಣಕ್ಕೆ ಕೊಡುವ ಮೊದಲು ಬೆಸುಗೆಗಳ ಮೇಲೆ ಕುದಿಯುವ ನೀರು ಸುರಿದು ತಂತಿಯ ಬ್ರಶ್ಶಿನಿಂದ ತಿಕ್ಕು. ಬೆಸುಗೆಗೆ ಬಳಸಿ ಗಾಜಿನಂತೆ ಕುಳಿತ ಬಿಳಿಗಾರ ಉಳಿದರೆ ಬಣ್ಣ ಅಲ್ಲಿಂದಲೇ ಏಳುತ್ತದೆ.

ಹುಬ್ಬಳ್ಳಿ ಗಾಲಿ

ಒಂದು ಚಮಚದಷ್ಟು ಮರಳು ಬಂತು ಅಜ್ಜಾ. ಇನ್ನೂ ಬರುತ್ತಿದೆ.