ಸಹಾಯ ಬೇಕು: 1937ರ ಚೆಕ್ ಬಂಕರ್ ಮಾಡೆಲ್, ಸಿವಿಲ್‌ನೋರು ಯಾರಾದ್ರೂ ಇದೀರಾ?

ನಮಸ್ಕಾರ, ನಾನಿರೋದು ಚೆಕ್ ದೇಶದ ಬ್ರನೋದಲ್ಲಿ, ಆಸ್ಟ್ರಿಯಾ ಬಾರ್ಡರ್ ಕಡೆ ಸುತ್ತಾಡ್ತಾ ಹೊಲದ ಮಧ್ಯೆ ಒಂದು ಹಳೇ ಕಾಂಕ್ರೀಟ್ ಬಂಕರ್ ಸಿಕ್ತು, ಆವತ್ತಿಂದ ಅದ್ರದ್ದೇ ಹುಚ್ಚು, ಅದ್ರದ್ದೊಂದು ಪುಟ್ಟ ಮಾಡೆಲ್ ಮಾಡ್ತಿದೀನಿ. ಹಿಟ್ಲರ್ ಭಯಕ್ಕೆ ಚೆಕೊಸ್ಲೊವಾಕಿಯಾದೋರು 1935ರಿಂದ ಗಡಿ ಕೋಟೆ ಶುರು ಮಾಡಿದ್ರು, ಆದ್ರೆ ಫ್ರೆಂಚರ ಗಡಿ ಕೋಟೆ ಸಾಲು ಮ್ಯಾಜಿನೋ ತರ ಎಲ್ಲಾ ಕಡೆ ದೊಡ್ಡದು ಕಟ್ಟೋಕೆ ದುಡ್ಡೂ ಇಲ್ಲ ಟೈಮೂ ಇಲ್ಲ, ಅದಕ್ಕೆ ಏಳು ಜನ ಹಿಡಿಯೋ ಪುಟ್ಟ ಬಂಕರ್‌ಗಳನ್ನ ಸಾವಿರಗಟ್ಲೆ ಕಟ್ಟಿದ್ರು. ಮಜಾ ಏನಂದ್ರೆ ಹೆಚ್ಚಿನವಕ್ಕೆ ಶತ್ರು ಕಡೆಗೆ ಕಿಂಡಿನೇ ಇಲ್ಲ! ಗನ್ ಪಕ್ಕಕ್ಕೆ, ಅಕ್ಕಪಕ್ಕದ ಬಂಕರ್‌ಗಳೇ ಒಂದನ್ನೊಂದು ಕಾಯ್ಬೇಕು. ಮುಂದಿನ ಗೋಡೆ ದಪ್ಪ, ಮೇಲೆ ಕಲ್ಲು ಮಣ್ಣು ಪೇರಿಸಿದಾರೆ, ಹಿಂದಿನ ಗೋಡೆ ತೆಳು, ಕಾಂಕ್ರೀಟ್ ಉಳೀತಲ್ಲ. ಗಾಳಿಗೆ ಕೈಯಲ್ಲಿ ತಿರುಗಿಸೋ ಫ್ಯಾನು. 1938ರಲ್ಲಿ ಮ್ಯೂನಿಕ್ ಒಪ್ಪಂದ ಆಗಿ ಗಡಿ ಭಾಗನ ಹಿಟ್ಲರ್‌ಗೆ ಹಾಗೇ ಬಿಟ್ಕೊಟ್ರು ಪಾಪ.

ಈಗ ನನ್ನ ಡೌಟು: ಇಡೀ ಬಂಕರ್‌ಗೆ ಕಾಂಕ್ರೀಟ್ ನಿಲ್ಲಿಸದೆ ಒಂದೇ ಸಲಕ್ಕೆ ಹಾಕ್ತಿದ್ರಂತೆ. ನಮ್ಮನೆ ಸ್ಲ್ಯಾಬ್ ಹಾಕೋ ದಿನ ಮೇಸ್ತ್ರಿ ಊಟಕ್ಕೆ ಹೋಗಿ ಬಂದ ಜಾಗದಲ್ಲೇ ಇವತ್ತಿಗೂ ಸೋರತ್ತೆ, ಬಂಕರ್‌ನಲ್ಲಿ ಅಂಥ ಜಾಯಿಂಟ್ ಬಿದ್ರೆ ಶೆಲ್ ಏಟಿಗೆ ಅಲ್ಲೇ ಬಿರಿಯತ್ತಾ? 1:20 ಮಾಡೆಲ್‌ಗೆ (ನಿಜದ್ದರ ಇಪ್ಪತ್ತನೇ ಒಂದು ಅಳತೆ) ಸಿಮೆಂಟ್, ಮರಳು ಯಾವ ಅಳತೇಲಿ ಕಲಸ್ಲಿ? ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಡು ಸಲ ಒಡೆದೋಯ್ತು, ಬೇರೆ ಐಡಿಯಾ ಇದ್ರೂ ಹೇಳಿ ಪ್ಲೀಸ್.